ಹೆದರಿ ಸತ್ತನೆಂದು ಅಚ್ಚಾದವನು

ಹೊಸದುರ್ಗದ ಚಿತ್ರಮಂದಿರವೊಂದರಲ್ಲಿ ದೆವ್ವದ ಸಿನಿಮಾ ನೋಡುತ್ತಲೇ ಕುರಿಗಾಹಿಯೊಬ್ಬ ಎದೆಯೊಡೆದು ಸತ್ತನೆಂಬ ಕಥೆಯನ್ನು ನಮ್ಮ ಜಿಲ್ಲೆಯಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಹಿರಿಯೂರಿನವರು ಅದಕ್ಕೊಂದು ಚೀತ್ಕಾರವನ್ನು ಸೇರಿಸುತ್ತಾರೆ. ಹೊಳಲ್ಕೆರೆಯವರು, ಸತ್ತವನ ಕಣ್ಣು ಮುಚ್ಚಿಸಲು ಮೂರು ಜನ ಬೇಕಾಯಿತೆನ್ನುತ್ತಾರೆ. ಚಿತ್ರದುರ್ಗದಲ್ಲಿ ವಿದ್ಯಾವಂತರು ಹೆಚ್ಚಾಗಿರುವುದರಿಂದ, ಹಳ್ಳಿಯವರಿಗೆ ಪರದೆಗೂ ಪ್ರಪಂಚಕ್ಕೂ ವ್ಯತ್ಯಾಸ ತಿಳಿಯುವುದಿಲ್ಲವೆಂಬ ವಿವರಣೆಯೂ ಜೊತೆಗೆ ದೊರೆಯುತ್ತದೆ. ಈ ಕಥೆ ಎಲ್ಲಿ ಹುಟ್ಟಿತೆಂಬುದು ನನಗೆ ಗೊತ್ತು. ಅದು ಹುಟ್ಟಿದ್ದು ನನ್ನ ಎಡಗೈಯಲ್ಲಿದ್ದ ಕಂಪೋಸಿಂಗ್ ಸ್ಟಿಕ್ಕಿನಲ್ಲಿ. ಒಂದೊಂದೇ ಅಚ್ಚಿನ ಮೊಳೆಯನ್ನಿಟ್ಟು ಅದನ್ನು ಜೋಡಿಸಿದವನು ನಾನು.

ತೊಂಬತ್ತರ ದಶಕದ ನಡುವಿನಲ್ಲಿ ಚಿತ್ರದುರ್ಗದ ಒಂದು ಓಣಿಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿತ್ತು. ಕಾಲಲ್ಲಿ ತುಳಿದು ಓಡಿಸುವ ಒಂದು ಟ್ರೆಡಲ್ ಯಂತ್ರ, ಕೆಲವು ಮೊಳೆಪೆಟ್ಟಿಗೆಗಳು, ಒಂದು ಸ್ಟೂಲು; ಇಷ್ಟೇ ಆಸ್ತಿ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನಾನು ಸರಿಯಾಗಿ ಓದಲು ಕಲಿತದ್ದು ಮೊಳೆಗಳಿಂದಲೇ. ಅಚ್ಚಿನ ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ. ಹಾಗೆ ಕಲಿತವನಿಗೆ ಅಚ್ಚಾದ ಮಾತಿನ ಮೇಲೆ ಭಕ್ತಿ ಹುಟ್ಟುವುದು ಕಷ್ಟ. ಮದುವೆಯ ಕರೆಯೋಲೆ, ವೈಕುಂಠ ಸಮಾರಾಧನೆಯ ಪತ್ರಿಕೆ, ಚುನಾವಣೆಯ ಭರವಸೆ, ಮೂಲವ್ಯಾಧಿಗೆ ಮದ್ದು, ಎಲ್ಲವೂ ಅದೇ ಪೆಟ್ಟಿಗೆಯ ಅವೇ ಮೊಳೆಗಳಿಂದ ಹೊರಡುತ್ತಿದ್ದವು. ಸುತ್ತಿನ ನಾಲ್ಕು ಊರುಗಳ ಚಿತ್ರಮಂದಿರಗಳ ಕರಪತ್ರಗಳೂ ನನ್ನಲ್ಲಿಯೇ ಅಚ್ಚಾಗುತ್ತಿದ್ದವು. ಅವುಗಳಲ್ಲಿ ದೆವ್ವದ ಚಿತ್ರಗಳ ಪಾಲು ಎಷ್ಟಿತ್ತೆಂದರೆ, 'ಗರ್ಭಿಣಿಯರಿಗೂ ಹೃದಯ ದುರ್ಬಲರಿಗೂ ಪ್ರವೇಶವಿಲ್ಲ' ಎಂಬ ಸಾಲಿನ ಮೊಳೆಗಳನ್ನು ಅಚ್ಚಾದ ಮೇಲೂ ನಾನು ಬಿಚ್ಚುತ್ತಲೇ ಇರಲಿಲ್ಲ; ದಾರ ಸುತ್ತಿ ಹಾಗೆಯೇ ಇಟ್ಟುಕೊಂಡಿದ್ದೆ.

ಆ ಚಿತ್ರಗಳ ವಿಚಾರವಾಗಿ ನನಗೆ ಆಗಲೂ ಗೌರವವಿರಲಿಲ್ಲ, ಈಗಲೂ ಇಲ್ಲ. ಮ್ಯಾನೇಜರರು ಕೊಟ್ಟ ಪುಕ್ಕಟೆ ಪಾಸಿನಲ್ಲಿ ನಾಲ್ಕಾರನ್ನು ನೋಡಿದ್ದೇನೆ. ಎಲ್ಲವೂ ಒಂದೇ ಅಚ್ಚಿನವು. ಮೊದಲರ್ಧದಲ್ಲಿ ಒಬ್ಬ ಹೆಣ್ಣುಮಗಳನ್ನು ನಾಲ್ಕು ಜನ ಅಟ್ಟಿಸಿಕೊಂಡು ಹೋಗಿ ಕೆಡಿಸಿ ಕೊಲ್ಲುತ್ತಾರೆ. ಅವಸರವಿಲ್ಲದೆ, ಒಂದು ವಿವರವನ್ನೂ ಬಿಡದೆ ಅದನ್ನು ತೋರಿಸುತ್ತಾರೆ. ವಿರಾಮದ ನಂತರ ಅವಳು ಮುಖಕ್ಕೆ ಅಕ್ಕಿಹಿಟ್ಟು ಬಳಿದುಕೊಂಡು ಬಾವಿಯಿಂದ ಎದ್ದು ಬಂದು ಆ ನಾಲ್ವರನ್ನು ಅವಸರವಸರವಾಗಿ ಕೊಲ್ಲುತ್ತಾಳೆ. ಇದಕ್ಕೆ ನ್ಯಾಯವೆಂದು ಹೆಸರು. ಜನ ತಾವು ದೆವ್ವ ನೋಡಲು ಬಂದಿದ್ದೇವೆಂದು ಹೇಳಿಕೊಳ್ಳುತ್ತಿದ್ದರು. ಶಿಳ್ಳೆ ಯಾವ ಹೊತ್ತಿಗೆ ಬೀಳುತ್ತಿತ್ತೆಂಬುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ದೆವ್ವ ಬಾವಿಯಿಂದ ಏಳುವ ಹೊತ್ತಿಗೆ ಮುಂದಿನ ಬೆಂಚುಗಳವರು ಅರ್ಧಕ್ಕರ್ಧ ಬೀಡಿ ಸೇದಲು ಎದ್ದು ಹೋಗಿರುತ್ತಿದ್ದರು.

ವಿರೋಧಿಸಿದವರು ಇವರಿಗಿಂತ ಮೇಲೆಂದು ನಾನು ಒಪ್ಪುವುದಿಲ್ಲ. ಇಂಥದೊಂದು ಚಿತ್ರವನ್ನು ನಿಷೇಧಿಸಬೇಕೆಂದು ಕಾಲೇಜಿನ ಉಪನ್ಯಾಸಕರೊಬ್ಬರು ಮನವಿಯೊಂದನ್ನು ಬರೆದು, ಅದನ್ನು ಅಚ್ಚು ಹಾಕಿಸಲು ನನ್ನಲ್ಲಿಗೇ ಬಂದರು. ಖಂಡಿಸುವ ನೆಪದಲ್ಲಿ ಅವರು ಆ ದೃಶ್ಯಗಳನ್ನು ಎಷ್ಟು ವಿವರವಾಗಿ ಬಣ್ಣಿಸಿದ್ದರೆಂದರೆ, ಮೊಳೆ ಜೋಡಿಸುವಾಗ ನನಗೇ ನಾಚಿಕೆಯಾಯಿತು. ಎಷ್ಟು ಸಲ ನೋಡಿದಿರಿ ಎಂದು ಕೇಳಿದೆ. ಖಚಿತಪಡಿಸಿಕೊಳ್ಳಲೆಂದು ಎರಡನೆಯ ಸಲ ಹೋಗಬೇಕಾಯಿತು ಎಂದರು. ಎರಡು ಸಾವಿರದ ಇಸವಿ ಕಳೆದ ಮೇಲೆ ಟೇಪ್ ರೆಕಾರ್ಡರ್ ಹಿಡಿದು ಬಂದ ಸಂಶೋಧಕನೊಬ್ಬ, ಈ ಚಿತ್ರಗಳು ನೊಂದ ಹೆಣ್ಣಿನ ಪ್ರತಿಭಟನೆಯ ದನಿಯೆಂದು ನನಗೆ ತಿಳಿಸಿಕೊಟ್ಟ. ಆ ದನಿಯನ್ನು ಕೇಳಲು ಹೆಂಗಸರ ಬೆಂಚಿನಲ್ಲಿ ಎಷ್ಟು ಜನ ಕೂತಿದ್ದರು ಎಂದು ಕೇಳಿದ್ದಕ್ಕೆ ಟೇಪನ್ನು ನಿಲ್ಲಿಸಿದ.

ಇನ್ನು ನನ್ನ ವಿಷಯ. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದು ವಾರ ಓಡಿದ ಚಿತ್ರವೊಂದು ಹಿರಿಯೂರಿಗೆ ಹೋಗುವುದಿತ್ತು. ಅದಕ್ಕೆ ಕರಪತ್ರ ಬೇಕೆಂದು ಹೊಸದುರ್ಗದ ಚಿತ್ರಮಂದಿರದ ಮ್ಯಾನೇಜರ್ ಬಂದ. ಹಿರಿಯೂರಿನ ಆಟವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಅವನು ಕೈಯಲ್ಲಿ ಬರೆದು ತಂದಿದ್ದ ಚೀಟಿಯಲ್ಲಿ ಒಂದು ಸಾಲು ಹೀಗಿತ್ತು: 'ಹೊಸದುರ್ಗದಲ್ಲಿ ಈ ಚಿತ್ರ ನೋಡಿ ಗಟ್ಟಿ ಗುಂಡಿಗೆಯ ಕುರಿಗಾಹಿಯೊಬ್ಬ ಹೆದರಿ ಪ್ರಾಣ ಬಿಟ್ಟಿದ್ದಾನೆ!' ನಾನು ನಕ್ಕೆ. ಇಂಥ ಸಾವುಗಳನ್ನು ಹಿಂದೆಯೂ ಜೋಡಿಸಿದ್ದೆ. ಪ್ರತಿ ಸಲವೂ ಸತ್ತವನು ಪಕ್ಕದ ತಾಲ್ಲೂಕಿನವನಾಗಿರುತ್ತಿದ್ದ, ಪ್ರತಿ ಸಲವೂ ಸತ್ತವನೇ ಇರುತ್ತಿರಲಿಲ್ಲ. ಯಾವುದನ್ನೂ ಸುಲಭಕ್ಕೆ ನಂಬದವನೆಂಬ ಹೆಮ್ಮೆ ನನಗಿತ್ತು. ಆದುದರಿಂದ ಇದನ್ನೂ ನಂಬಲಿಲ್ಲ. ನಂಬದೆ ಇದ್ದುದರಿಂದಲೇ ನಿಶ್ಚಿಂತೆಯಿಂದ ದಪ್ಪ ಮೊಳೆಯಲ್ಲಿ ಜೋಡಿಸಿ, ಸುತ್ತ ಹೂಬಳ್ಳಿಯ ಅಂಚು ಕೊಟ್ಟು ಅಚ್ಚು ಹಾಕಿದೆ.

ಹತ್ತು ಹದಿನೈದು ದಿನ ಕಳೆದಿರಬಹುದು. ಒಂದು ಬೆಳಗ್ಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಿದ್ದಳು. ಅವಳ ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಆ ಕರಪತ್ರವಿತ್ತು. ಪ್ರತಿ ಕರಪತ್ರದ ಕೆಳ ಅಂಚಿನಲ್ಲಿ ಅಚ್ಚು ಹಾಕಿದವರ ಹೆಸರೂ ಊರೂ ಇರಬೇಕೆಂಬ ಕಾಯಿದೆಯಿದೆ. ಅದನ್ನು ಓದುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳ ಹಟ್ಟಿಯ ಶಾಲೆಯ ಮೇಷ್ಟರು ಓದಿ ಹೇಳಿದ್ದರಂತೆ. ಅವಳು ಎರಡು ಬಸ್ಸು ಹತ್ತಿ ಇಳಿದು ಬಂದಿದ್ದಳು.

"ನಮ್ಮಪ್ಪ ಹೆದರಿ ಸತ್ತ ಅಂತ ಬರೆದೋರು ನೀವೇನಾ?" ಎಂದಳು.

"ಯಾರೂ ಸತ್ತಿಲ್ಲ ಕಣಮ್ಮ. ಸಿನಿಮಾದೋರು ಹಂಗೇ ಬರೆಸ್ತಾರೆ."

"ಸತ್ತಿಲ್ವಾ? ಹಂಗಾರೆ ನಾವು ಮಣ್ಣು ಮಾಡಿದ್ದು ಯಾರನ್ನಣ್ಣ?"

ನಾನು ಸ್ಟೂಲನ್ನು ಅವಳ ಕಡೆಗೆ ಸರಿಸಿದೆ. ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಅವಳ ತಂದೆ ಹೊಸದುರ್ಗಕ್ಕೆ ಹೋಗಿದ್ದು ಡಾಕ್ಟರನ್ನು ಕಾಣಲು. ಎರಡು ದಿನದಿಂದ ಎದೆ ಹಿಡಿದುಕೊಂಡ ಹಾಗಾಗುತ್ತಿದೆ ಎನ್ನುತ್ತಿದ್ದನಂತೆ. ಡಾಕ್ಟರು ಸಂಜೆಗೆ ಬಾ ಎಂದಿದ್ದರು. ಬಿಸಿಲಿತ್ತು. ಕೂರಲು ನೆರಳು, ತಲೆಯ ಮೇಲೆ ಫ್ಯಾನು ಸಿಗುವುದೆಂದು ಮಧ್ಯಾಹ್ನದ ಆಟಕ್ಕೆ ಹೋಗಿ ಕೂತ. ಸಂಜೆ ಚಿತ್ರಮಂದಿರದವರೇ ಟೆಂಪೊದಲ್ಲಿ ಹೆಣವನ್ನು ತಂದು ಹಟ್ಟಿಯ ಮುಂದೆ ಇಳಿಸಿ, ದೆವ್ವ ಕಂಡು ಹೆದರಿಬಿಟ್ಟ ಎಂದು ಹೇಳಿ ಹೋದರು. ಆಗ ಯಾರೂ ಅದನ್ನು ಅಷ್ಟಾಗಿ ನಂಬಲಿಲ್ಲ. ತೋಳ ಬಂದಾಗ ಒಬ್ಬನೇ ಎದ್ದು ಮಂದೆಯ ಸುತ್ತ ತಿರುಗಿದ ಮನುಷ್ಯ ಅವನು. ಆದರೆ ಹಿರಿಯೂರಿನ ಸಂತೆಗೆ ಹೋದವರು ಈ ಕಾಗದವನ್ನು ತಂದರು.

ಇಲ್ಲಿಂದಾಚೆಗೆ ಅವಳು ಹೇಳಿದ್ದು ನನಗೆ ಹೊಸದು. ಅವರ ಹಟ್ಟಿಯಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತಾರೆ. ಸಾಲಾಗಿ ಎಲೆ ಹಾಸಿ ಬಡಿಸಿ, ಹಟ್ಟಿಯ ಯಜಮಾನ ಒಬ್ಬೊಬ್ಬರದೇ ಹೆಸರು ಕೂಗುತ್ತಾನೆ. ಹೆದರಿ ಸತ್ತವನ ಹೆಸರನ್ನು ಮಾತ್ರ ಕೂಗುವುದಿಲ್ಲ. ಅವನು ಹಿರಿಯರ ಜೊತೆ ಸೇರುವುದಿಲ್ಲ, ಹೊರಗೆ ಅಲೆಯುತ್ತಾನೆ, ಕರೆದರೆ ಅವನ ಹೆದರಿಕೆ ಮಂದೆಗೆ ತಗಲುತ್ತದೆ ಎಂದು ಅವರ ನಂಬಿಕೆ. ಅಮಾವಾಸ್ಯೆಗೆ ಒಂದು ತಿಂಗಳೂ ಇರಲಿಲ್ಲ. ತಂದೆಯ ಎಲೆ ಹಾಸುವುದಿಲ್ಲವೆಂದು ಯಜಮಾನ ಹೇಳಿಬಿಟ್ಟಿದ್ದ. ಗಂಡುಮಕ್ಕಳಿಲ್ಲದ ಮನೆ, ವಾದಿಸುವವಳು ಇವಳೊಬ್ಬಳೇ. ಆ ಕಾಗದವನ್ನು ಬರೆದವರೇ ಬಂದು ಅದು ಸುಳ್ಳೆಂದು ಹೇಳಬೇಕೆಂಬುದು ಅವಳ ಬೇಡಿಕೆ.

ಸಾವೇ ಸುಳ್ಳೆಂದು ತಿಳಿದಿದ್ದವನು ನಾನು. ಹೆದರಿಕೆ ಸುಳ್ಳೋ ನಿಜವೋ ನನಗೇನು ಗೊತ್ತು? ತಿಳಿಯದೆ ಬಂದು ಹೇಳಲಾರೆ ಎಂದೆ. "ತಿಳ್ಕಂಡೇ ಬರ್ರಿ, ಅಮಾಸೆ ಒಳಗೆ ಬರ್ರಿ" ಎಂದಷ್ಟೇ ಹೇಳಿ ಅವಳು ಹೊರಟುಹೋದಳು.

ಆಟದ ದಿನ ಅಲ್ಲಿದ್ದೆವೆನ್ನುವವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಚಿತ್ರದುರ್ಗದಲ್ಲಿಯೇ ಬೇಕಾದಷ್ಟು ಜನ ಸಿಕ್ಕರು. ಬಸ್ ನಿಲ್ದಾಣದ ಬಳಿಯ ದರ್ಜಿಯೊಬ್ಬ ಸತ್ತ ಮುದುಕನ ಹಿಂದಿನ ಬೆಂಚಿನಲ್ಲಿಯೇ ಕೂತಿದ್ದನಂತೆ. ದೆವ್ವ ಬಾವಿಯಿಂದ ಕೈ ಹೊರಗೆ ಚಾಚಿದ ಕೂಡಲೇ ಮುದುಕ ಕಿಟಾರನೆ ಕಿರುಚಿ ಮಗುಚಿಕೊಂಡದ್ದನ್ನು ಕಣ್ಣಾರೆ ಕಂಡನಂತೆ. ಹೇಳುತ್ತ ಹೇಳುತ್ತ ಅವನು ಹೊಲಿಗೆ ಯಂತ್ರವನ್ನು ಬಿಟ್ಟೆದ್ದು ಮಗುಚಿಕೊಳ್ಳುವುದನ್ನೂ ಮಾಡಿ ತೋರಿಸಿದ. ಮುಂದಿನ ಭಾನುವಾರ ನಾನು ಹೊಸದುರ್ಗಕ್ಕೆ ಹೋದೆ.

ಅಲ್ಲಿಯ ಗೇಟಿನವನು ನನ್ನ ವಯಸ್ಸಿನವನೇ. ಟಿಕೆಟ್ ಹರಿದು ಒಳಗೆ ಬಿಡುವುದು, ಆಟ ಶುರುವಾದ ಮೇಲೆ ಬಾಗಿಲಿಗೆ ಹೊರಗಿನಿಂದ ಅಗಣಿ ಹಾಕುವುದು, ನಡುವೆ ಎದ್ದು ಬಂದವರಿಗೆ ತೆಗೆಯುವುದು ಅವನ ಕೆಲಸ. ಚಹದ ಅಂಗಡಿಗೆ ಕರೆದೊಯ್ದು, ದೆವ್ವ ಬಂದಾಗ ಮುದುಕ ಎಲ್ಲಿ ಕೂತಿದ್ದ ಎಂದು ವಿಚಾರಿಸಿದೆ. ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ.

"ದೆವ್ವ ಎಲ್ಲಿತ್ತು ಸ್ವಾಮಿ ಅವತ್ತು? ದೆವ್ವದ ಡಬ್ಬ ಇನ್ನೂ ಬೈಕಿನ ಮೇಲೆ ಇತ್ತು."

ಆಗ ಸಣ್ಣ ಊರುಗಳಲ್ಲಿ ಒಂದೇ ಪ್ರತಿಯನ್ನು ಎರಡು ಚಿತ್ರಮಂದಿರಗಳು ಹಂಚಿಕೊಳ್ಳುವ ಪದ್ಧತಿಯಿತ್ತು. ಹೊಳಲ್ಕೆರೆಯಲ್ಲಿ ಆಟ ಮೊದಲು ಶುರುವಾಗುವುದು. ಅಲ್ಲಿ ಓಡಿಸಿ ಮುಗಿಸಿದ ರೀಲುಗಳನ್ನು ಡಬ್ಬಗಳಲ್ಲಿ ತುಂಬಿ ಬೈಕಿನಲ್ಲಿ ಹೊಸದುರ್ಗಕ್ಕೆ ತರುವುದು. ಇಲ್ಲಿ ತಡವಾಗಿ ಶುರುವಾದ ಆಟಕ್ಕೆ ಅವು ಸರಿಯಾಗಿ ಒದಗುವುದು. ಅಂದು ಬೈಕು ನಡುದಾರಿಯಲ್ಲಿ ಪಂಕ್ಚರ್ ಆಯಿತು. ವಿರಾಮ ಮುಗಿದರೂ ಎರಡನೆಯ ಅರ್ಧ ಬರಲಿಲ್ಲ. ಸೋಪಿನ ಜಾಹೀರಾತಿನ ಸ್ಲೈಡುಗಳನ್ನು ಹಾಕಿದರು. ಜನ ಕೂಗಾಡಿದರು, ಕುರ್ಚಿ ಬಡಿದರು. ಕೊನೆಗೆ ಒಳಗಿನಿಂದ ಬೇಡಿಕೆಯೊಂದು ಬಂದಿತು: ದೆವ್ವ ಇಲ್ಲದಿದ್ದರೆ ಬೇಡ, ಆಗಲೇ ತೋರಿಸಿದ್ದನ್ನು ಮತ್ತೆ ತೋರಿಸಿ. ಯಾವುದನ್ನು ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆಪರೇಟರನು ಆ ರೀಲನ್ನು, ನಾಲ್ವರು ಅಟ್ಟಿಸಿಕೊಂಡು ಹೋಗುವ ರೀಲನ್ನು, ತಿರುಗಿ ಸುತ್ತಿ ಎರಡನೆಯ ಸಲ ಓಡಿಸಿದ. ಸದ್ದಡಗಿತು. ಅದು ಓಡಿ ಮುಗಿದು ದೀಪ ಹಾಕಿದಾಗ ಮುದುಕ ಬಾಗಿಲ ಬಳಿ ಬಿದ್ದಿದ್ದ. ಅವನನ್ನು ಎತ್ತಿ ಹೊರಗೆ ತಂದು ಮಲಗಿಸಿದ ಮೇಲೆ ದೆವ್ವ ಬಂದು ತಲುಪಿತು. ಜನ ಕೂತು ಅದನ್ನೂ ನೋಡಿಯೇ ಎದ್ದರು.

ಚಿತ್ರದುರ್ಗಕ್ಕೆ ಮರಳಿದವನು ದರ್ಜಿಗೆ ಇದನ್ನು ಹೇಳಿದೆ. ಅವನು ಸ್ವಲ್ಪವೂ ವಿಚಲಿತನಾಗದೆ, ಹಾಗಾದರೆ ತಾನು ನೋಡಿದ್ದು ರಾತ್ರಿಯ ಆಟದಲ್ಲಿ ಸತ್ತ ಇನ್ನೊಬ್ಬನನ್ನು ಇರಬೇಕೆಂದ. ಒಬ್ಬನಿದ್ದ ಕಡೆ ಇಬ್ಬರಾದರು. ಪ್ರತ್ಯಕ್ಷದರ್ಶಿಗಳೆಂದರೆ ಇವರು.

ಮ್ಯಾನೇಜರನಿಗೂ ಹೇಳಿದೆ. ಚಿತ್ರದುರ್ಗದ ಆಟಕ್ಕೆ ಅದೇ ಕರಪತ್ರವನ್ನು ಮತ್ತೆ ಹಾಕಿಸಲು ಬಂದಿದ್ದ. ಬಾವಿ ಬರುವ ಮೊದಲೇ ಸತ್ತಿದ್ದರೆ ಇನ್ನೂ ಒಳ್ಳೆಯದಾಯಿತಲ್ಲ, ಚಿತ್ರ ಅಷ್ಟು ಜೋರಾಗಿದೆಯೆಂದಾಯಿತು ಎಂದು ನಕ್ಕ. ಅಚ್ಚು ಹಾಕುವುದಿಲ್ಲವೆಂದು ಹೇಳಿ, ದಾರ ಸುತ್ತಿ ಇಟ್ಟಿದ್ದ ಗರ್ಭಿಣಿಯರ ಹಳೆಯ ಸಾಲನ್ನು ಅವನ ಕಣ್ಣೆದುರಿಗೇ ಬಿಚ್ಚಿ ಮೊಳೆಗಳನ್ನು ಪೆಟ್ಟಿಗೆಗೆ ಸುರಿದೆ. ಅವನು ದಾವಣಗೆರೆಯಲ್ಲಿ ಬಣ್ಣದ ಕರಪತ್ರ ಹಾಕಿಸಿಕೊಂಡ. ನನ್ನ ವೀರಾವೇಶ ಸಾಧಿಸಿದ್ದೆಂದರೆ, ಸುಳ್ಳು ಕಪ್ಪಿನಿಂದ ಕೆಂಪಿಗೆ ತಿರುಗಿದ್ದಷ್ಟೇ.

ಅಮಾವಾಸ್ಯೆಗೆ ಎಂಟು ದಿನ ಇರುವಾಗ ಹಟ್ಟಿಗೆ ಹೋದೆ. ಯಜಮಾನ ಎಪ್ಪತ್ತು ದಾಟಿದವನು, ಅಕ್ಷರ ಬಾರದವನು, ಕುಳ್ಳಗೆ ಗಟ್ಟಿಯಾಗಿದ್ದವನು. "ಕುಂತ್ಕಳ್ರಿ" ಎಂದು ಜಗುಲಿ ತೋರಿಸಿದ. ನಾನು ಬೈಕಿನ ಕಥೆಯನ್ನೂ ರೀಲಿನ ಕಥೆಯನ್ನೂ ಸಾಧ್ಯವಾದಷ್ಟು ಕ್ರಮವಾಗಿ ನಿರೂಪಿಸಿದೆ. ಅವನು ಪೂರ್ತಿ ಕೇಳಿದ.

"ಮತ್ತೆ ಈ ಕಾಗದ?"

"ಅದು ಸುಳ್ಳು, ಯಜಮಾನ್ರೆ. ಜೋಡಿಸಿದೋನೇ ನಾನು."

"ಆಗ ಸುಳ್ಳು ಹೇಳ್ದೆ ಅಂತೀರಿ. ಈಗ ನಿಜ ಹೇಳ್ತಿದೀರಿ ಅಂತ ನಾವು ಎಂಗೆ ತಿಳ್ಕಬೇಕು?"

ಅವನ ಜಾಗದಲ್ಲಿ ಕೂತಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಚಿತ್ರದುರ್ಗದ ವಿದ್ಯಾವಂತರಲ್ಲಿ ಒಬ್ಬರೂ ನನ್ನ ಕರಪತ್ರಗಳ ವಿಚಾರವಾಗಿ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಕಂಡವರಿದ್ದರೆ ಕರೆದುಕೊಂಡು ಬನ್ನಿ, ಕಂಬಳಿ ಹಾಸುತ್ತೇವೆ ಎಂದ ಯಜಮಾನ. ಮಡಿಸಿದ ಕರಿಯ ಕಂಬಳಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ನಿಲ್ಲಿಸಿ ಹೇಳಿಸಿದ ಮಾತು ಅವರಲ್ಲಿ ಪ್ರಮಾಣ. ಅದರ ಮೇಲೆ ನಿಂತು ಸುಳ್ಳಾಡಿದವನ ಮನೆ ಬೆಳಗುವುದಿಲ್ಲವೆನ್ನುತ್ತಾರೆ. ನನಗೆ ಅಂಥ ನಂಬಿಕೆಗಳಿಲ್ಲ. ಗೇಟಿನವನಿಗೆ ಇತ್ತು. ನಾನು ಹೋಗಿ ಕರೆದಾಗ ಎರಡು ದಿನ ಅದೂ ಇದೂ ನೆಪ ಹೇಳಿದ, ಮೂರನೆಯ ದಿನ ತಾನಾಗಿಯೇ, "ಹೋಗಾಣ ನಡೀರಿ" ಎಂದ.

ಗೇಟಿನವನು ಚಪ್ಪಲಿ ಬಿಟ್ಟು ಕಂಬಳಿಯ ಮೇಲೆ ನಿಂತ. ಹಟ್ಟಿಯ ಹತ್ತಿಪ್ಪತ್ತು ಜನ ಸುತ್ತ ಕೂತಿದ್ದರು. ಸತ್ತವನ ಮಗಳು ಕಂಬಕ್ಕೆ ಒರಗಿ ನಿಂತಿದ್ದಳು. ರೀಲು ಬರದಿದ್ದುದನ್ನು, ಒಂದೇ ರೀಲನ್ನು ಎರಡು ಸಲ ಓಡಿಸಿದ್ದನ್ನು ನನಗೆ ಹೇಳಿದಂತೆಯೇ ಹೇಳಿದ. ಅಲ್ಲಿಗೆ ಮುಗಿಯಿತೆಂದು ನಾನು ಏಳಲಿದ್ದೆ. ಅವನು ಕಂಬಳಿಯಿಂದ ಇಳಿಯಲಿಲ್ಲ.

"ಇನ್ನೊಂದೈತೆ" ಎಂದ. "ಆ ರೀಲು ಎರಡನೇ ಸಲ ಓಡ್ತಿದ್ದಾಗ ಒಳಗಿಂದ ಯಾರೋ ಬಾಗ್ಲು ತಟ್ಟಿದ್ರು. ಮುದುಕನ ದನಿ. 'ಬಾಗ್ಲು ತೆಗಿಯಪ್ಪ, ನಂಗೆ ಇಲ್ಲಿ ಕುಂತ್ಕಳಕೆ ಆಗಲ್ಲ' ಅಂತು."

"ನೀನೇನಂದೆ?" ಎಂದ ಯಜಮಾನ.

"ದೆವ್ವ ಬರಗಂಟ ಯಾರಿಗೂ ಬಾಗ್ಲು ತೆಗಿಯಂಗಿಲ್ಲ, ಸುಮ್ನೆ ಹೋಗಿ ಕುಂತ್ಕ ಅಂದೆ. ಒಳಗಿನೋರು ಹೊರಗೆ ಬಂದ್ರೆ ಟಿಕೆಟ್ ಇಲ್ದೋರು ನುಗ್ತಾರೆ ಅಂತ ಅವತ್ತು ಮ್ಯಾನೇಜರ್ ಹೇಳಿದ್ರು. ಇನ್ನೊಂದು ಸಲ ತಟ್ಟಿದ. ಆಮೇಲೆ ತಟ್ಟಲಿಲ್ಲ."

ಚಹದಂಗಡಿಯಲ್ಲಿ ಅವನು ಇದನ್ನು ನನಗೆ ಹೇಳಿರಲಿಲ್ಲ. ನಾನು ಕೇಳಿದ್ದು ದೆವ್ವದ ವಿಷಯವನ್ನು ಮಾತ್ರ. ಸಿನಿಮಾದ ಸುಳ್ಳನ್ನು ಹಿಡಿದೆನೆಂಬ ಸಂಭ್ರಮದಲ್ಲಿ ಬಾಗಿಲ ಬಳಿ ಮುದುಕ ಏಕೆ ಬಿದ್ದಿದ್ದನೆಂದು ಕೇಳುವುದನ್ನೇ ಮರೆತಿದ್ದೆ. ಗೇಟಿನವನು ಮಗಳ ಕಡೆ ತಿರುಗಿ ಏನೋ ಹೇಳಹೋದ. ಅವಳು ತಲೆಯಾಡಿಸಿದಳು, ಬೇಡವೆಂದೋ, ಆಯಿತೆಂದೋ ನನಗೆ ತಿಳಿಯಲಿಲ್ಲ.

ಯಜಮಾನ ಗೇಟಿನವನಿಗೆ ಕಂಬಳಿಯಿಂದ ಇಳಿಯಲು ಕೈಸನ್ನೆ ಮಾಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ತೀರ್ಪು ಹೇಳಿದ: "ಹೆದರಿದೋನು ಕುಂತಲ್ಲೇ ಮುದುರ್ಕಂತಾನೆ. ಇವ್ನು ಎದ್ದು ಬಂದು ಬಾಗ್ಲು ತಟ್ಟಿದಾನೆ. ಒಂದು ಹೆಣ್ಣಿಗೆ ಹಂಗೆ ಮಾಡೋದನ್ನ ಎಲ್ಲಾರೂ ಕುಂತು ಎರಡು ಸಲ ನೋಡಿದ್ರು, ಇವನೊಬ್ಬ ನೋಡಲಾರದೆ ಎದ್ದ. ಅವನ ಎಲೆ ಹಾಸ್ರಿ."

ತಕ್ಷಣ ನನ್ನ ತಲೆ ತನ್ನ ಹಳೆಯ ಕೆಲಸವನ್ನು ಆರಂಭಿಸಿತು. ಇಲ್ಲಿ ಕೂತುಕೊಳ್ಳಲಾಗುವುದಿಲ್ಲ ಎಂದಿದ್ದಾನೆ; ನೋಡಲಾಗುವುದಿಲ್ಲ ಎಂದಿಲ್ಲ. ಎದೆನೋವಿನವನು ಗಾಳಿಗಾಗಿ ಎದ್ದಿರಬಹುದು. ಡಾಕ್ಟರು ಹೇಳಿದ ಹೊತ್ತಾಯಿತೆಂದು ಎದ್ದಿರಬಹುದು. ಮೊದಲ ಸಲ ಆ ರೀಲು ಓಡಿದಾಗ ಅವನೂ ಸುಮ್ಮನೆ ಕೂತೇ ಇದ್ದನಲ್ಲ. ಹೆದರಿ ಸತ್ತನೆಂಬುದಕ್ಕೆ ಎಷ್ಟು ಆಧಾರವಿತ್ತೋ, ಹೇಸಿ ಎದ್ದನೆಂಬುದಕ್ಕೂ ಹೆಚ್ಚುಕಡಿಮೆ ಅಷ್ಟೇ ಆಧಾರವಿತ್ತು. ಒಂದು ಕಥೆಯನ್ನು ಕಿತ್ತುಹಾಕಿದ ಜಾಗದಲ್ಲಿ ಇನ್ನೊಂದು ಕಥೆ ನನ್ನ ಕಣ್ಣೆದುರಿಗೇ ಬೇರುಬಿಡುತ್ತಿತ್ತು. ಇಂಥ ಕಡೆ ಬಾಯಿ ಹಾಕದೆ ಇದ್ದವನಲ್ಲ ನಾನು. ಕಂಬಕ್ಕೆ ಒರಗಿದ್ದವಳು ನನ್ನನ್ನೇ ನೋಡುತ್ತಿದ್ದಳು. ನಾನೇನಾದರೂ ಹೇಳಿಬಿಡುತ್ತೇನೆಂದು ಅವಳಿಗೆ ಅನುಮಾನ ಬಂದಂತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು, ಬಸ್ಸಿನ ಹೊತ್ತನ್ನು ವಿಚಾರಿಸಿದೆ.

ಅಮಾವಾಸ್ಯೆಯ ದಿನ ಬರಬೇಕೆಂದು ಹೇಳಿ ಕಳುಹಿಸಿದ್ದರಿಂದ ಹೋದೆ. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಸಾಲಾಗಿ ಬಿದ್ದಿದ್ದವು. ಮುದ್ದೆ, ಅವರೆಕಾಳಿನ ಸಾರು, ಕಡುಬು. ಅವನ ಎಲೆಯ ಬದಿಯಲ್ಲಿ ಮಗಳು ಒಂದು ಕಟ್ಟು ಬೀಡಿ ಇಟ್ಟಿದ್ದಳು. ಯಜಮಾನ ಮೇಲಿನ ತಲೆಮಾರಿನಿಂದ ಹೆಸರು ಕೂಗುತ್ತ ಬಂದು, ಅವಳ ದೊಡ್ಡಪ್ಪನ ಹೆಸರಿನ ಹಿಂದೆಯೇ ಅವಳ ಅಪ್ಪನದನ್ನೂ ಕೂಗಿದ. ದನಿಯಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೂಗಿ ಮುಂದಿನವನಿಗೆ ಹೋದ. ಮಗಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ, ಒಂದು ಎಲೆ ತಂದು ನನ್ನ ಮುಂದೆ ಹಾಸಿದಳು.

"ಉಣ್ರಿ ಅಣ್ಣ" ಎಂದಳು.

ನಾನು ಏನನ್ನೂ ಕೇಳದೆ ಉಂಡೆ.